ಹಳದಿ ದೀಪ ತೆಗೆಯಬೇಡಿ

ಮಾನ್ಯ ಅಧ್ಯಕ್ಷರಾದ ನಟರಾಜು ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕೂತು ‘ಬೇಗ ಮುಗಿಸಿ’ ಎಂದು ಕೈಸನ್ನೆ ಮಾಡುತ್ತಿರುವ ನನ್ನ ಮನೆಯವರಾದ ಸುನಂದಮ್ಮನವರೇ, ಸಭಿಕರೇ,

ಏಳನೇ ಕ್ಲಾಸು ಓದಿ ಕಂಬ ಹತ್ತಿದ ಈ ಪುಟ್ಟಮಲ್ಲಪ್ಪನಿಗೆ ಹುಣಸೂರಿನ ನಮ್ಮ ಫೋನ್ ಸಂಸ್ಥೆ ನಿವೃತ್ತಿಯ ದಿನ ಸನ್ಮಾನ ಮಾಡುತ್ತಿದೆ. ಯಾತಕ್ಕೆ? ಎರಡು ಜಾಲಗಳ ಉಸ್ತುವಾರಿಯನ್ನು ಒಂದೇ ಪರದೆಗೆ ತಂದಿದ್ದಕ್ಕೆ. ತಂದದ್ದು ನಿಜ, ಹೆಮ್ಮೆಯಿಂದಲೇ ಹೇಳುತ್ತೇನೆ.

ರಾವಂದೂರು ಕಡೆಯ ಹಳೆಯ ವ್ಯವಸ್ಥೆಯಲ್ಲಿ ಕೇಂದ್ರವೇ ಐದೈದು ನಿಮಿಷಕ್ಕೆ ಪ್ರತಿ ಟವರನ್ನೂ ‘ಇದ್ದೀಯೇನಪ್ಪಾ?’ ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ಕೆಂಪು. ಕಾಡಂಚಿನ ಹಾಡಿಗಳ, ಅಂದರೆ ಬುಡಕಟ್ಟು ಜನರ ಊರುಗಳ ಹೊಸ ವ್ಯವಸ್ಥೆಯಲ್ಲಿ ಯಾರೂ ಕೇಳುವುದಿಲ್ಲ. ತೊಂದರೆಯಾದರೆ ಟವರೇ ಕೂಗಬೇಕು. ಇವೆರಡನ್ನು ಕೂಡಿಸಲಾಗುವುದಿಲ್ಲ ಎಂದರು. ಯಾಕಾಗುವುದಿಲ್ಲ? ನಾನು ಕೇಳಿದರಷ್ಟೇ ಬಾಯಿ ಬಿಡುವವನು, ಸುನಂದಮ್ಮ ಕೇಳದಿದ್ದರೂ ಹೇಳುವವರು. ಸಂಸಾರ ನಡೆದಿಲ್ಲವೇ?

ನಡುವೆ ದುಭಾಷಿಯಂಥ ಒಂದು ಪೆಟ್ಟಿಗೆ ಇಟ್ಟೆವು. ಇಂಜಿನಿಯರ್ ಸವಿತಾ ಕೇಳಿದರು: “ಸಾರ್, ಕಾಡಿನ ಟವರು ಏನೂ ಹೇಳದಿದ್ರೆ ಯಾವ ಬಣ್ಣ?”

“ಕೂಗಿಲ್ಲ ಅಂದ್ಮೇಲೆ ಚೆನ್ನಾಗೈತೆ ಬುಡಮ್ಮ. ಹಸಿರು ಹಾಕು” ಎಂದೆ.

ಮುಂದಿನ ತಿಂಗಳೇ ಹಾಡಿಯ ಮುತ್ತಿ ಆಫೀಸಿಗೆ ಬಂದು ಪರದೆಯ ಮುಂದೆ ನಿಂತರು. “ಏನ್ ಸ್ವಾಮಿ, ನಿಮ್ ಗ್ವಾಡೇಲಿ ಹಸಿರು ಉರೀತಾ ಅದೆ! ನನ್ ಮಗ್ಳು ಕಾವ್ಯಾ ಹೆರಿಗೆ ನೋವಲ್ಲಿ ಒದ್ದಾಡ್ತಿದ್ಲು, ಆಂಬುಲೆನ್ಸ್‌ಗೆ ಫೋನ್ ಮಾಡಾಣ ಅಂದ್ರೆ ಉಸ್ರೇ ಇಲ್ಲ. ನಿಮ್ ಟವರು ಸತ್ತು ಎರಡು ದಿನ ಆಯ್ತು ಕಣ್ರೀ. ಗೂಡ್ಸ್ ಆಟೋಲಿ ಮಲಗಿಸ್ಕಂಡು ಆಸ್ಪತ್ರೆಗೆ ಬಂದ್ವಿ.”

ಆ ಟವರಿನ ಬ್ಯಾಟರಿ ಸತ್ತು, ಕೂಗುವ ಶಕ್ತಿಯೂ ಉಳಿದಿರಲಿಲ್ಲ. ತಾಯಿ ಮಗು ಉಳಿದರು. ಅದು ಆಟೋದವನ ಪುಣ್ಯ, ನನ್ನದಲ್ಲ. ತಪ್ಪು ನನ್ನದೆಂದು ನಾನು ಯಾವ ವರದಿಯಲ್ಲೂ ಬರೆದಿಲ್ಲ. ಇವತ್ತೇ ಹೇಳುತ್ತಿರುವುದು.

ಮಾರನೇ ದಿನವೇ ನಿಯಮ ತಿದ್ದಿದೆವು. ಈಗ ಪೆಟ್ಟಿಗೆ ಕಾಡಿನ ಟವರುಗಳನ್ನೂ ವಿಚಾರಿಸುತ್ತದೆ. ಅವು ಉತ್ತರ ಕೊಡದಿದ್ದರೆ ಹಳದಿ. ಅಂದರೆ, ‘ಗೊತ್ತಿಲ್ಲ, ಹೋಗಿ ನೋಡಿ’. ಆಗ ನಮ್ಮ ಹುಡುಗರ ಬೈಕು ಟವರಿನ ಕಡೆ ಹೊರಡಲೇಬೇಕು.

ಹಳದಿ ಜಾಸ್ತಿ ಕಾಣುತ್ತದೆ, ಬಂದ ಅತಿಥಿಗಳೆದುರು ಚೆಂದವಲ್ಲ, ಸೋಮವಾರದಿಂದ ತೆಗೆದು ಹಸಿರೇ ಹಾಕೋಣ ಎಂದು ಈಗ ಒಂದು ಫೈಲು ಹೊರಟಿದೆ. ಅಧ್ಯಕ್ಷರೇ, ನಿಮ್ಮ ಸಹಿ ಒಂದೇ ಬಾಕಿ. ನಾನು ನಾಳೆಯಿಂದ ಆಫೀಸಿನಲ್ಲಿರುವುದಿಲ್ಲ. ಕಾವ್ಯಾ ಹಾಡಿಯಲ್ಲೇ ಇರುತ್ತಾಳೆ. ಆ ಫೈಲನ್ನು ವಾಪಸ್ ಕಳಿಸುತ್ತೇನೆಂದು ಇಷ್ಟು ಜನರ ಮುಂದೆ ಒಂದು ಮಾತು ಕೊಡಿ. ಶಾಲು ಆಮೇಲೆ ಹೊದಿಸುವಿರಂತೆ, ಅವಸರವಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಇಗೊಳ್ಳಿ ಅಧ್ಯಕ್ಷರೇ, ಮೈಕು. ನಮಸ್ಕಾರ.