ತಪ್ಪು ಕವರಿನ ರೆಕಾರ್ಡುಗಳು

ವಾಚನಾಲಯದ ಅಧ್ಯಕ್ಷರಾದ ಸ್ಟಾಮೆನ್ ಅವರೇ, ದೂರದಿಂದ ಬಂದ ಅತಿಥಿಗಳೇ, ನಮ್ಮ ಕಾರ್ಲೊವೊ ಊರಿನ ಸಂಗೀತಪ್ರಿಯ ಸಭಿಕರೇ,

ನಮ್ಮ ಯಜಮಾನರು ಲ್ಯೂಬೆನ್ ಜೀವಮಾನವಿಡೀ ಕೂಡಿಟ್ಟ ರೆಕಾರ್ಡುಗಳನ್ನು ಈ ವಾಚನಾಲಯಕ್ಕೆ ಒಪ್ಪಿಸುವ ಸಮಾರಂಭ ಇದು. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸನ್ಮಾನ ಯಾರಿಗೆ ಅಂತ ಅವರಿಗೇ ಗೊತ್ತಿಲ್ಲ. ಮರೆವಿನ ಕಾಯಿಲೆ. ಈಚೆಗೆ ನಾನು ಯಾರು ಅನ್ನುವುದೂ ಗೊತ್ತಾಗುವುದಿಲ್ಲ. ಆದರೂ ನೋಡಿ, ಟೈ ಮಾತ್ರ ತಾವೇ ಕಟ್ಟಿಕೊಂಡಿದ್ದಾರೆ!

ರೆಕಾರ್ಡುಗಳ ಪಟ್ಟಿ ಮಾಡಲು ವಾಚನಾಲಯದ ದೆನಿತ್ಸಾ ನಮ್ಮ ಮನೆಗೆ ಬಂದಳು. ಬಲು ಚುರುಕಿನ ಹುಡುಗಿ. ಕಪಾಟು ತೆರೆದವಳೇ ಪೆಚ್ಚಾದಳು. "ರಾಯ್ನಾ ಅಜ್ಜಿ, ಇದೇನು, ಬರೀ ಬೀಟ್‌ರೂಟ್ ಬೆಳೆ ಭಾಷಣ, ಟ್ರ್ಯಾಕ್ಟರ್ ಹಾಡು! ಅಜ್ಜ ಇದನ್ನೆಲ್ಲಾ ಕೇಳ್ತಿದ್ರಾ?"

"ಕವರ್ ಒಳಗೆ ಕೈ ಹಾಕಮ್ಮ" ಅಂದೆ.

ಒಳಗೆ ಅಮೆರಿಕದ ಜಾಜ್, ಇಟಲಿಯ ಪ್ರೇಮಗೀತೆ! ನನ್ನ ವಯಸ್ಸಿನವರು ನಗುತ್ತಿದ್ದೀರಿ. ಕಮ್ಯುನಿಸ್ಟ್ ಸರ್ಕಾರ ಪಶ್ಚಿಮದ ಸಂಗೀತವನ್ನು ಸಹಿಸದ ಆ ಕಾಲದಲ್ಲಿ ಅಂಥ ಹಾಡನ್ನು ಅದರದೇ ಕವರಿನಲ್ಲಿ ಇಟ್ಟವರುಂಟೇ? ಪಕ್ಕದ ಮನೆಯವರು ಉಪ್ಪು ಕೇಳಲು ಬಂದು ಕಪಾಟು ನೋಡಿಕೊಂಡು ಹೋಗುತ್ತಿದ್ದ ಕಾಲ ಅದು.

ಯಾವ ಭಾಷಣದ ಹೊಟ್ಟೆಯಲ್ಲಿ ಯಾವ ಹಾಡಿದೆ ಅನ್ನುವುದು ಲ್ಯೂಬೆನ್‌ಗೆ ಮಾತ್ರ ಗೊತ್ತು. ತಲೆ ಮರೆತರೂ ಕೈ ಮರೆತಿರಲಿಲ್ಲ. ಮಧ್ಯಾಹ್ನ ಕಪಾಟಿನ ಮುಂದೆ ನಿಲ್ಲುವರು, ಕವರುಗಳ ಮೇಲೆ ಬೆರಳಾಡಿಸುವರು, ಒಂದನ್ನು ಎಳೆಯುವರು. ಕಿಟಕಿಯಿಂದ ಗುಲಾಬಿ ತೋಟದ ಗಾಳಿ. ಹಾಡು ಶುರುವಾದರೆ ಗೋಡೆ, ಕುರ್ಚಿ, ನಾವಿಬ್ಬರು, ಎಲ್ಲವೂ ಮೆಲ್ಲಗೆ ತೇಲಿದ ಹಾಗೆ. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಪಾಪ, ದೆನಿತ್ಸಾ ಅಟ್ಟದಿಂದ ಅಸಲಿ ಕವರುಗಳನ್ನೂ ಅಸಲಿ ಭಾಷಣಗಳನ್ನೂ ಇಳಿಸಿ, ಪ್ರತಿಯೊಂದನ್ನೂ ಅದರದರ ಕವರಿಗೆ ಸೇರಿಸಿ, ಅಕ್ಷರಕ್ರಮದಲ್ಲಿ ಜೋಡಿಸಿಕೊಟ್ಟಳು. ಎಷ್ಟು ಅಚ್ಚುಕಟ್ಟು! ನಾನೂ ಹೊಗಳಿದೆ.

ಮರುದಿನ ಲ್ಯೂಬೆನ್ ಹುಡುಕಿ ಹುಡುಕಿ ಬೀಟ್‌ರೂಟಿನ ಕವರು ಎಳೆದರು, ಗ್ರಾಮಫೋನಿನ ಮುಳ್ಳು ಇಳಿಸಿದರು. ಯಾವನೋ ಮಂತ್ರಿ ಇಳುವರಿಯ ಬಗ್ಗೆ ಗುಡುಗಿದ. ಇವರು ನನ್ನ ಕಡೆ ತಿರುಗಿ, "ಅಮ್ಮಾ, ನಾನು ಬೇರೆ ಯಾರ್ದೋ ಮನೆಗೆ ಬಂದ್ಬಿಟ್ಟಿದೀನಿ. ನನ್ನ ಮನೆಗೆ ಕಳಿಸ್ಕೊಡಿ" ಅಂದರು. ಸಭಿಕರೇ, ನನ್ನ ಎದೆ ಒಡೆದುಹೋಯಿತು.

ದೆನಿತ್ಸಾಳನ್ನು ಕರೆಸಿದೆ. "ಎಲ್ಲಾ ಮತ್ತೆ ತಪ್ಪಾಗಿ ಇಡೋಣ ಬಾ."

"ಅಜ್ಜಿ, ಅಧ್ಯಕ್ಷರು ನನ್ನನ್ನ ಸುಮ್ನೆ ಬಿಡ್ತಾರಾ?" ಅಂದಳು. ಅನ್ನುತ್ತಲೇ ಅಂಗಿಯ ತೋಳು ಮಡಚಿ ಕೆಲಸಕ್ಕೆ ಕೂತಳು. ಯಾವುದು ಯಾವುದರ ಒಳಗಿತ್ತು ಅಂತ ಪಟ್ಟಿಯಲ್ಲಿ ಮೊದಲೇ ಬರೆದುಕೊಂಡಿದ್ದಳು; ಅದನ್ನು ನೋಡಿಕೊಂಡು ಒಂದೊಂದನ್ನೂ ಹಳೆಯ ಜಾಗಕ್ಕೇ ಸೇರಿಸಿದೆವು.

ನಿನ್ನೆ ಮಧ್ಯಾಹ್ನ ಲ್ಯೂಬೆನ್ ಅದೇ ಬೀಟ್‌ರೂಟಿನ ಕವರು ಎಳೆದರು. ಇಟಲಿಯ ಹಾಡು ಬಂತು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎದ್ದು, ಕೋಟು ಸರಿಮಾಡಿಕೊಂಡು ನನ್ನೆದುರು ನಿಂತರು. "ನಿಮ್ಮ ಹೆಸರು ಗೊತ್ತಿಲ್ಲ. ತಪ್ಪು ತಿಳ್ಕೋಬೇಡಿ. ನನ್ನ ಜೊತೆ ಕುಣೀತೀರಾ?"

"ರಾಯ್ನಾ" ಅಂದೆ.

"ಒಳ್ಳೇ ಹೆಸರು" ಅಂದರು.

ಆದ್ದರಿಂದ ಅಧ್ಯಕ್ಷರೇ, ಮನ್ನಿಸಬೇಕು. ರೆಕಾರ್ಡುಗಳನ್ನು ಇವತ್ತು ಕೊಡಲಾರೆ. ಇವರು ಇರುವವರೆಗೂ ಅವು ನಮ್ಮ ಮನೆಯಲ್ಲೇ, ತಪ್ಪು ಕವರಿನಲ್ಲೇ ಇರಲಿ. ದೆನಿತ್ಸಾಳನ್ನು ಯಾರೂ ಬೈಯಬೇಡಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಮಧ್ಯಾಹ್ನವಾಗುತ್ತಾ ಬಂತು. ಇವರು ನನ್ನ ಹೆಸರು ಕೇಳುವ ಹೊತ್ತು. ಹೊರಡುತ್ತೇನೆ, ನಮಸ್ಕಾರ.