ಲ್ಯಾ, ರಿಂ, ಗೋ

ಚಾಮರಾಜಪೇಟೆಯ ಗಂಟಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದರು.

“ದಾಕ್ಷಾಯಣಿ, ಗಂಟಲೊಳಗೆ ಬಿಟ್ಟು ನೋಡೋ ಸಾಧನದ ಹೆಸರೇನೇ?”

“ಲ್ಯಾರಿಂಗೋಸ್ಕೋಪು. ನಿಮಗ್ಯಾಕ್ರೀ ಅದು?”

“ಕಲಾಸಿಪಾಳ್ಯದ ತರಕಾರಿ ಮಂಡೀಲಿ ಮಾಲಿನ ಹೆಸರು ಕೂಗ್ದೆ ಯಾವತ್ತಾದ್ರೂ ಹರಾಜು ಶುರು ಮಾಡಿದೀನಾ?”

“ಸರಿ, ಬಿಡಿಬಿಡಿಯಾಗಿ ಹೇಳಿ. ಲ್ಯಾ.”

“ಲ್ಯಾ.”

“ರಿಂ.”

“ರಿಂ.”

“ಗೋ.”

ಗಂಡನ ತುಟಿ ಆಡಿತು, ದನಿ ಬರಲಿಲ್ಲ.

“ತಮಾಷೆ ಬೇಡ ರೀ. ಗೋ.”

ಮತ್ತೆ ಬರಲಿಲ್ಲ.

“ನಾಳೆ ಹರಾಜು ನಿಮ್ಮ ತಮ್ಮ ಕೇದಾರ ಕೂಗ್ಲಿ ಬಿಡಿ.”

“ಅವನ ಕೂಗಿಗೆ ಬದನೆಕಾಯಿನೂ ತಿರುಗಿ ನೋಡಲ್ಲ” ಎಂದು ಆತ ಪಿಸುಗುಟ್ಟಿದರು. ಆಕೆ ನಗಲಿಲ್ಲ.

ನರ್ಸ್ ಚೀಟಿ ನೋಡುತ್ತಲೇ, “ವೀರಭದ್ರಯ್ಯ ಯಾರು?” ಎಂದಳು.

ಆತ ಎದ್ದು ನಿಂತು ಬಾಯಿ ತೆರೆದರು. ನರ್ಸ್ ತಲೆಯೆತ್ತದೆ ಇನ್ನೊಮ್ಮೆ ಕೂಗಿದಳು.

“ಬಂದಿದಾರೆ” ಎಂದು ಹೆಂಡತಿ ಹೇಳಿದರು. ಇಬ್ಬರೂ ಒಳಗೆ ಹೋದರು.