ಹನ್ನೆರಡು ಸಾವಿರದ ಕಲ್ಲು

ಮಾನ್ಯ ಅಧ್ಯಕ್ಷರಾದ ಕೊಟ್ರಬಸಪ್ಪನವರೇ, ಗುರುಹಿರಿಯರೇ, ಹೋಳಿಗೆಯ ವಾಸನೆ ಬಂದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ಇಪ್ಪತ್ತೆಂಟು ವರ್ಷ ಈ ಆದವಾನಿಯಲ್ಲಿ ಚರಿತ್ರೆ ಹೇಳಿದ ಮರಿಬಸಪ್ಪ ಮೇಷ್ಟ್ರನ್ನು, ಅಂದರೆ ನನ್ನನ್ನು, ಇವತ್ತು ಮನೆಗೆ ಕಳಿಸುತ್ತಿದ್ದೀರಿ. ಶಾಲು ಹೊದಿಸಿಯಾಗಿದೆ, ಇನ್ನು ವಾಪಸು ಕೇಳುವಂತಿಲ್ಲ. ಆ ಧೈರ್ಯದ ಮೇಲೆ ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ.

ನಾಳೆ ಕೋಟೆಯ ಬುಡದಲ್ಲಿ ಅಧ್ಯಕ್ಷರು ಕಲ್ಲು ನಿಲ್ಲಿಸುತ್ತಾರೆ. 'ಈ ಕೋಟೆ ಬಿದ್ದಾಗ ಮಡಿದವರು' ಎಂಬಲ್ಲಿಗೆ ಕೆತ್ತನೆ ಮುಗಿದಿದೆ, ಅಂಕಿ ಬಾಕಿ. ಆ ಅಂಕಿ ನನ್ನದು, ಹನ್ನೆರಡು ಸಾವಿರ. ಎಲ್ಲಿಂದ ಬಂತು?

ಗೆದ್ದವರ ಬರಹಗಾರ ಅರವತ್ತು ಸಾವಿರ ಎಂದ, ಅವನಿಗೆ ಪೌರುಷ ಬೇಕಿತ್ತು. ಸೋತವರ ಬರಹಗಾರ ಮುನ್ನೂರು ಎಂದ, ಅವನಿಗೆ ಮಾನ ಬೇಕಿತ್ತು. ಒಂದು ದಿನ ಇನ್ಸ್‌ಪೆಕ್ಟರ್ ಸಾಹೇಬರು ತರಗತಿಯಲ್ಲಿ "ಎಷ್ಟು ಮಂದಿ ಸತ್ತರು?" ಎಂದು ನನ್ನನ್ನೇ ಕೇಳಿಬಿಟ್ಟರು. ನಾನು ಹತ್ತಿ ದಲಾಲರ ಮಗ. ನಮ್ಮಪ್ಪ ರಾಶಿಯಿಂದ ಒಂದು ಹಿಡಿ ಹತ್ತಿ ಕಿತ್ತು ಇಡೀ ರಾಶಿಯ ತೂಕ ಹೇಳುತ್ತಿದ್ದ. ನಾನು ಹಿಡಿಯನ್ನೂ ಕೀಳದೆ ಹನ್ನೆರಡು ಸಾವಿರ ಎಂದೆ. ಸಾಹೇಬರು ಬರೆದುಕೊಂಡರು. ಎರಡು ವರ್ಷಕ್ಕೆ ಅದು ಅಚ್ಚಾದ ಪುಸ್ತಕದಲ್ಲಿ ಬಂತು. ಆಮೇಲೆ ನಾನೂ ಪುಸ್ತಕ ನೋಡಿಯೇ ಪಾಠ ಹೇಳಿದೆ!

ನಿನ್ನೆ ಕಲ್ಲು ಕೆತ್ತುವ ಹೊನ್ನೂರಪ್ಪ ಮನೆಗೆ ಬಂದ. "ಎಷ್ಟಂತ ಹೊಡೀಲಿರಿ ಮೇಷ್ಟ್ರೇ? ಒಮ್ಮೆ ಹೊಡದ್ರ ಅಳಸಾಕ ಬರಂಗಿಲ್ಲ ನೋಡ್ರಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿ ಮಹಾಂತಮ್ಮ ಕೇಳಿದಳು: "ಅದರಾಗ ತೊಟ್ಟಿಲಿಗೆ ಹಾಕದ ಕೂಸುಗಳ್ನ ಹಿಡಿದೀರೇನ್ರಿ?"

ನಮ್ಮ ಮಂದಿಯ ಪದ್ಧತಿ ನಿಮಗೆ ಗೊತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆ ಹೋದ ಕೂಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮೊದಲ ಮಗಳಿಗೆ ಒಂಬತ್ತು ದಿನವಾಗಿತ್ತು. ತೊಟ್ಟಿಲಿಗೆ ಇನ್ನೆರಡೇ ದಿನವಿತ್ತು. ಕೋಟೆಯೊಳಗೆ ಅಂಥವು ಎಷ್ಟಿದ್ದವೋ, ನನಗೇನು ಗೊತ್ತು? ನಮ್ಮ ಮನೆಯ ಲೆಕ್ಕವೇ ನನಗೆ ಬಂದಿಲ್ಲ.

ಆದ್ದರಿಂದ ಅಧ್ಯಕ್ಷರೇ, ಕೈಮುಗಿದು ಕೇಳುತ್ತೇನೆ. ಅಂಕಿ ಬೇಡ. 'ಎಷ್ಟು ಮಂದಿಯೋ, ಎಣಿಸಿದವರಿಲ್ಲ' ಎಂದು ಕೆತ್ತಿಸಿ. ಹೊನ್ನೂರಪ್ಪನಿಗೆ ನಾಲ್ಕಕ್ಷರ ಹೆಚ್ಚಾದೀತು, ಬೈದುಕೊಳ್ಳಲಿ.

ಇನ್ನೊಂದು ತಿದ್ದುಪಡಿ ಇದೆ. ನನ್ನ ಪರಿಚಯ ಓದುವಾಗ ತಾವು, ಮೇಷ್ಟ್ರಿಗೆ ಮೂವರು ಮಕ್ಕಳು ಎಂದಿರಿ. ತಪ್ಪು ತಮ್ಮದಲ್ಲ, ಬರೆದುಕೊಟ್ಟವನು ನಾನೇ. ಮೂರನೆಯ ಸಾಲಿನಲ್ಲಿ ಕುಳಿತಿರುವ ಮಹಾಂತಮ್ಮ ಇಷ್ಟು ವರ್ಷ ಅದನ್ನು ಕೇಳಿಯೂ ಸುಮ್ಮನಿದ್ದಾಳೆ.

ನಾಲ್ವರು, ಸ್ವಾಮಿ. ನಮಗೆ ನಾಲ್ವರು ಮಕ್ಕಳು.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಉಪಕಾರ ಮರೆಯಲಾರೆ. ನಮಸ್ಕಾರ.